ಮೇಸ್ತ್ರಿ ನಡೆಯುವ ವಿಡಿಯೋ

“ಯಾರ ಮದುವೆ ಮೇಡಂ?” ಅಂಗಡಿಯವನು ಗಾಜಿನ ಕಪಾಟಿನಿಂದ ಮೂರು ಕ್ಯಾಮೆರಾ ತೆಗೆದು ಮುಂದಿಟ್ಟು ಕೇಳಿದ.

“ಮದುವೆ ಅಲ್ಲ.”

“ಹಾಗಾದ್ರೆ ಮಗೂಗೆ. ಹೊಸದಾಗಿ ನಡೆಯೋಕೆ ಕಲೀತಿದೆಯಾ?”

“ನಡೆಯೋದನ್ನೇ ತೆಗೀಬೇಕು. ಮಗು ಅಲ್ಲ, ನಮ್ಮಪ್ಪ.”

ಅಂಗಡಿಯವನು ಅವಳ ಮುಖವನ್ನೊಮ್ಮೆ ನೋಡಿ, ಹೀಗೂ ಗಿರಾಕಿಗಳಿರುತ್ತಾರೆ ಎಂಬಂತೆ ತಲೆಯಾಡಿಸಿ, ಜೂಮಿನ ವರ್ಣನೆಗೆ ಇಳಿದ. ಎದುರು ಕಟ್ಟಡದ ಮಹಡಿಯಲ್ಲಿ ಒಣಹಾಕಿದ ಅಂಗಿಯ ಕಾಲರನ್ನು ಹತ್ತಿರ ತಂದು ತೋರಿಸಿದ. ಊರಿನವರ ಕಾಲರು ಕಟ್ಟಿಕೊಂಡು ಅವಳಿಗೇನಾಗಬೇಕು? ಅವಳಿಗೆ ಬೇಕಿದ್ದದ್ದು ನಡುಮನೆಯಿಂದ ಅಡುಗೆಮನೆಗೆ ಹೋಗುವ ಬಾಗಿಲು. ಅಲ್ಲಿ ಹಗಲಲ್ಲೂ ಟ್ಯೂಬ್‌ಲೈಟ್ ಉರಿಯಬೇಕು. ಅಷ್ಟು ಮಬ್ಬಿನಲ್ಲಿ ಕಾಲು ಕಾಣುತ್ತದೆಯೇ, ಗೋಡೆಗೆ ಬೆನ್ನು ಹಚ್ಚಿ ನಿಂತು ಹಿಡಿದರೆ ತಲೆಯಿಂದ ಪಾದದವರೆಗೆ ಹಿಡಿಸುತ್ತದೆಯೇ ಎಂದು ಕೇಳಿದಳು. ಅವನು ಮತ್ತೆ ಜೂಮ್ ಎಂದ. ಅವಳೇ ಒಂದೊಂದು ಕ್ಯಾಮೆರಾವನ್ನೂ ಅಂಗಡಿಯ ಹಿಂಬದಿಯ ಕತ್ತಲೆ ಮೂಲೆಗೆ ಒಯ್ದು, ತನ್ನ ಚಪ್ಪಲಿಯ ವಿಡಿಯೋ ತೆಗೆದು ನೋಡಿ, ಅಂಗೈಯಲ್ಲಿ ಅಡಗುವಂಥ ಚಿಕ್ಕದೊಂದನ್ನು ಆರಿಸಿದಳು. ಫೋನಿನಲ್ಲೂ ವಿಡಿಯೋ ಬರುತ್ತಿತ್ತು ನಿಜ. ಆದರೆ ಆ ಕಾಲದ ಅವಳ ಫೋನಿನಲ್ಲಿ ಚಿತ್ರ ಬೆಂಕಿಪೊಟ್ಟಣದಷ್ಟು, ಅದರೊಳಗೆ ಅಪ್ಪ ಒಂದು ಕಡ್ಡಿಯಷ್ಟು.

ಅಪ್ಪ ಗಾರೆ ಮೇಸ್ತ್ರಿ. ನೇರ ಕಟ್ಟಿದ ಗೋಡೆಯ ಹೆಸರಿನಲ್ಲೇ ಬಾಳಿದವನು. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಮೂಲೆ ನೋಡಿ ಮೂಗು ಮುರಿಯುತ್ತಿದ್ದ, ಕುಶಲ ವಿಚಾರಿಸುವುದು ಆಮೇಲೆ. ಕೈ ನಡುಗಲು ಶುರುವಾದಾಗ ನರಗಳ ಡಾಕ್ಟರು ಕಾಯಿಲೆಯ ಹೆಸರು ಹೇಳಿ ಮಾತ್ರೆ ಬರೆದಿದ್ದರು. ನಡುಕ ತಗ್ಗಿತ್ತು. ಈಗಿನದು ಬೇರೆ. ಬಾಗಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಹಿಮ್ಮಡಿ ಮಾತ್ರ ಪಟಪಟನೆ ಎದ್ದು ಬೀಳುವುದು, ಹೆಜ್ಜೆ ಕೀಳಲಾಗದು, ಮೈ ಮಾತ್ರ ಮುಂದಕ್ಕೆ ವಾಲುವುದು. ಆಮೇಲೆ ಏನೂ ಆಗಿಲ್ಲವೆಂಬಂತೆ ಕಾಲು ಬಿಟ್ಟುಕೊಂಡು ಅಪ್ಪ ಒಳಗೆ ಹೋಗುತ್ತಿದ್ದ. ಆದರೆ ಡಾಕ್ಟರ ಕೋಣೆಯಲ್ಲಿ ನಡೆ ಎಂದರೆ ಎದೆ ಸೆಟೆಸಿ ಹೋಗಿ ಬಂದುಬಿಡುತ್ತಿದ್ದ.

“ನಡಿಗೆ ಚೆನ್ನಾಗೇ ಇದೆಯಲ್ಲಮ್ಮ,” ಎಂದಿದ್ದರು ಡಾಕ್ಟರು.

“ಮನೇಲಿ ಹೀಗಿರಲ್ಲ ಡಾಕ್ಟ್ರೇ. ನಿಂತುಬಿಡ್ತಾರೆ.”

“ಹಾಗಿದ್ರೆ ವಿಡಿಯೋ ತೆಗೆದು ತನ್ನಿ. ನೋಡದೆ ಮಾತ್ರೆ ಬದಲಾಯಿಸೋಕೆ ಆಗಲ್ಲ.”

ಇನ್ನು ಹದಿನೈದು ದಿನದಲ್ಲಿ ಮೂರಂತಸ್ತಿನ ಕಟ್ಟಡವೊಂದರ ಹೊರಗೋಡೆಗೆ ಗಿಲಾವು ಶುರುವಾಗಲಿತ್ತು. ಗೋಡೆಯುದ್ದಕ್ಕೂ ಆಗಲೇ ಸಾರವೆ ಕಟ್ಟಿದ್ದರು. ಗಳಗಳ ಮೇಲೆ ಹಾಸಿದ ಆ ಹಲಗೆಗಳ ಮೇಲೆ ತಾನೇ ನಿಂತು ಗಾರೆ ಬಳಿಯುತ್ತೇನೆಂದು ಅಪ್ಪ ಹಟ ಹಿಡಿದಿದ್ದ. “ಡಾಕ್ಟ್ರು ಬೇಡ ಅಂದ್ರೆ ಆವತ್ತೇ ಕರಣೆ ಕೆಳಗಿಡ್ತೀನಿ. ಅವರೇ ಚೆನ್ನಾಗಿದೆ ಅಂತಾರೆ, ನೀನು ಯಾವ ಸೀಮೆ ಡಾಕ್ಟ್ರು?” ಎನ್ನುತ್ತಿದ್ದ. ಅವಳು ವಿಮಾ ಕಚೇರಿಯ ಗುಮಾಸ್ತೆ, ಯಾವ ಸೀಮೆಯ ಡಾಕ್ಟರೂ ಅಲ್ಲ. ಆದರೆ ಕಣ್ಣು ಮುಚ್ಚಿದರೆ ಸಾಕು, ಹಲಗೆಯ ತುದಿಯಲ್ಲಿ ಅಂಟಿಕೊಂಡ ಎರಡು ಪಾದ, ಮುಂದಕ್ಕೆ ವಾಲುವ ಮೈ ಕಾಣುತ್ತಿತ್ತು.

ಕ್ಯಾಮೆರಾ ಮನೆಗೆ ಬಂದ ಸಂಜೆ ಅಪ್ಪ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಷರ್ಟು ತೊಟ್ಟು, ತಲೆ ಬಾಚಿ ಬಂದು ನಿಂತ.

“ಎಲ್ಲಿಂದ ನಡೀಲಿ?”

“ಎಲ್ಲಿಂದಾನೂ ಬೇಡ ಅಪ್ಪ. ನಿನ್ನ ಪಾಡಿಗೆ ನೀನಿರು.”

“ನನ್ನ ಪಾಡಿಗೆ ಇರೋಕೆ ಯಾರಾದ್ರೂ ಇಸ್ತ್ರಿ ಷರ್ಟ್ ಹಾಕ್ಕೋತಾರಾ?”

ಹಾಗೆಂದು ಅಡುಗೆಮನೆಯ ಬಾಗಿಲನ್ನು ಮದುಮಗನ ಹಾಗೆ ದಾಟಿದ. ದಾಟಿ ಹಿಂದೆ ಬಂದ. “ಬಂತಾ? ಇನ್ನೊಂದ್ಸಲ ಬೇಕಾ?” ಎಂದು ಕೇಳಿ ಮತ್ತೆ ದಾಟಿದ. ಕ್ಯಾಮೆರಾ ಮೇಜಿನ ಮೇಲೆ ಕೂತು ತಣ್ಣಗಾದ ಮೇಲೆ, ನೀರು ಕುಡಿಯಲು ಹೊರಟವನು ಅದೇ ಬಾಗಿಲಲ್ಲಿ ಗೂಟ ಹೊಡೆದಂತೆ ನಿಂತ.

ಮುಂದಿನ ದಿನಗಳಲ್ಲಿ ಅವಳು ಬೆಕ್ಕಿನ ಹಾಗೆ ಅಪ್ಪನ ಹಿಂದೆ ಸುಳಿದಳು. ಕಾಲು ನಿಂತಾಗಲೆಲ್ಲ ಅವಳ ಕೈ ಕ್ಯಾಮೆರಾ ಮರೆತು ಅಪ್ಪನ ತೋಳಿಗೆ ಹೋಗುತ್ತಿತ್ತು. ಬೀಳುವವನನ್ನು ಹಿಡಿಯಬೇಕೋ, ಬೀಳುವುದನ್ನು ಚಿತ್ರ ಹಿಡಿಯಬೇಕೋ? ಕೊನೆಗೊಂದು ದಿನ ಹಲ್ಲು ಕಚ್ಚಿ ನಿಂತಲ್ಲೇ ನಿಂತು ಬಟನ್ ಒತ್ತಿದಳು. ಅಪ್ಪನ ಹಿಮ್ಮಡಿಗಳು ಪಟಪಟನೆ ಏಳುತ್ತಿದ್ದವು, ಅವಳ ಕೈ ಮಾತ್ರ ಅಲುಗಲಿಲ್ಲ. ಗೆದ್ದೆನೆಂದುಕೊಂಡು ಹಾಕಿ ನೋಡಿದರೆ ಅದರಲ್ಲಿದ್ದದ್ದು ನೆಲ, ಅವಳ ಕಾಲ್ಬೆರಳು, ಒಂದಷ್ಟು ಮೇಜಿನಡಿ. ಕ್ಯಾಮೆರಾ ಮೊದಲೇ ಶುರುವಾಗಿ ಅವಳ ಕೈಯಲ್ಲಿ ಜೋತಾಡುತ್ತ ನೆಲವನ್ನು ತುಂಬಿಸಿಕೊಂಡಿತ್ತು. ಶುರುವಾಗಲೆಂದು ಅವಳು ಒತ್ತಿದ್ದಕ್ಕೆ ಸರಿಯಾಗಿ ನಿಂತುಹೋಗಿತ್ತು. ಸ್ನಾನದ ಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಅಳು ತಡೆದುಕೊಂಡಳು.

ಭಾನುವಾರ ಅಣ್ಣ ಬಂದ. ಟಿವಿಗೆ ತಂತಿ ಸಿಕ್ಕಿಸಿ, ಕಾಲ ಮೇಲೆ ಕಾಲು ಹಾಕಿ ಎಲ್ಲವನ್ನೂ ನೋಡಿದ.

“ಏನೇ ಇದು! ಅಪ್ಪ ರೇಸಿನ ಕುದುರೆ ಆಗಿದಾನೆ. ನಿಂಗೆ ಹಗ್ಗ ಕಂಡ್ರೂ ಹಾವು.”

“ನಿಂಗೆ ಹಾವು ಕಚ್ಚಿದ ಮೇಲೂ ಹಗ್ಗಾನೇ.”

“ಪಾಪ, ಆಸೆ ಪಟ್ಟು ತಂದಿದಾಳೆ, ಏನಾದ್ರೂ ಸಿಗ್ಲಿ ಬಿಡು ಅವಳಿಗೆ,” ಎಂದು ಅಪ್ಪ ನಕ್ಕ. ಅಣ್ಣನೂ ನಕ್ಕ. ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು. ಅವಳ ಕೈಯಲ್ಲಿದ್ದ ಒಂದೇ ಒಂದು ಸಾಕ್ಷಿ ಅವಳ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು.

ಮರುದಿನ ಅವಳು ಮಾಡಿದ್ದನ್ನು ನೆನೆದರೆ ಅವಳಿಗೇ ನಾಚಿಕೆಯಾಗುತ್ತಿತ್ತು. ಕ್ಯಾಮೆರಾವನ್ನು ಅಡುಗೆಮನೆಯ ಡಬ್ಬಿಗಳ ನಡುವೆ ಬಚ್ಚಿಟ್ಟು, ಮೇಲೊಂದು ಒರೆಸುವ ಬಟ್ಟೆ ಹೊದಿಸಿದಳು. ಅಪ್ಪ ಬಾಗಿಲವರೆಗೆ ಬಂದ, ಬಟ್ಟೆಯ ಸಂದಿನಲ್ಲಿ ಕೆಂಪು ದೀಪ ಕಂಡ, ನೆಟ್ಟಗೆ ನಡೆದು ಬಂದು ಅದನ್ನು ಕೈಗೆತ್ತಿಕೊಂಡ.

“ಮನೆಯೊಳಗೆ ಕಳ್ಳ ಹೊಕ್ಕಿದಾನೇನು?”

“ಹೊಕ್ಕಿದಾನೆ. ಕಾಲು ಬರಲ್ಲ ಅನ್ನೋದನ್ನ ಡಾಕ್ಟ್ರಿಂದ ಕದ್ದಿಡ್ತಾನೆ.”

“ಬಾಯಿ ಬಿಗಿ ಹಿಡಿ.”

“ನೀನು ಹಲಗೆ ಹತ್ತೋದು ಬಿಡು, ನಾನು ಬಾಯಿ ಮುಚ್ತೀನಿ.”

ಅಪ್ಪ ಏನೋ ಹೇಳಹೊರಟವನು ಕ್ಯಾಮೆರಾದ ಪುಟ್ಟ ಪರದೆ ನೋಡಿ ತಡೆದ. “ಥೂ! ಇಷ್ಟು ದಿನ ಹೀಗೇ ಹಿಡಿದಿದ್ದೀಯಾ? ಬಾಗಿಲು ಕುಡುಕನ ಹಾಗೆ ವಾಲಿದೆ. ನಾನು ನಿಲ್ಲಿಸಿದ ಬಾಗಿಲು ಇದು, ದಾರಕ್ಕೆ ತೂಕದ ಗುಂಡು ಕಟ್ಟಿ ಇಳಿಬಿಟ್ಟು ನೋಡಿ ನಿಲ್ಲಿಸಿದ್ದು. ಹಿಡಿಯೋದು ಹೇಗೆ ಅಂತ ತೋರಿಸ್ತೀನಿ ಬಾ. ನೀನು ನಡಿ. ನೀನು ನಡೆಯೋ ಚಂದ ನೋಡೋಣ.”

“ನಡೀತೀನಿ, ಅದಕ್ಕೇನು,” ಎಂದು ಅವಳು ನಡುಮನೆಯ ಆ ತುದಿಯಿಂದ ಹೊರಟು, ಬಾಗಿಲು ದಾಟಿ, ಅಡುಗೆಮನೆಯ ತೊಟ್ಟಿಯ ಮುಂದೆ ನಿಂತಳು. ನಿಂತವಳಿಗೆ ಸಿಟ್ಟು ಉಕ್ಕಿತು. ನಲ್ಲಿ ತಿರುಗಿಸಿ ಪಾತ್ರೆ ತಿಕ್ಕತೊಡಗಿದಳು. ಅಣ್ಣನನ್ನು ಬೈದಳು, ಅಂಗಡಿಯವನನ್ನು ಬೈದಳು. ಮೇಸ್ತ್ರಿಗಳ ಮನೆಯಲ್ಲಿ ಹೆಣ್ಣಾಗಿ ಹುಟ್ಟುವುದಕ್ಕಿಂತ ಇಟ್ಟಿಗೆಯಾಗಿ ಹುಟ್ಟಿದರೆ ಒಳ್ಳೆಯದು, ಆಗಾಗ ತಟ್ಟಿಯಾದರೂ ನೋಡುತ್ತಾರೆ ಎಂದಳು. ಬೈಗುಳವೂ ಪಾತ್ರೆಯೂ ಮುಗಿದು ತಿರುಗಿದಾಗ ಅಪ್ಪ ಬಾಗಿಲಿಗೆ ಒಂದು ಕೈ ಕೊಟ್ಟು ನಿಂತಿದ್ದ.

“ತಗೋ, ಆಯ್ತು.”

“ಒಳಗೆ ಬರಲೇ ಇಲ್ಲ?”

“ಇಲ್ಲಿಂದಾನೇ ಚೆನ್ನಾಗಿ ಕಾಣ್ತಿತ್ತು.”

ಮಾರನೆಯ ದಿನ ಕಚೇರಿಯಲ್ಲಿ ಊಟದ ಹೊತ್ತಿಗೆ ಕ್ಯಾಮೆರಾ ತೆರೆದಳು. ಎಲ್ಲ ಅಳಿಸಿ ಅಣ್ಣನ ಮಗಳಿಗೆ ಆಡಲು ಕೊಟ್ಟುಬಿಡುವುದೆಂದು ತೀರ್ಮಾನಿಸಿದ್ದಳು. ಆದರೆ ಏನನ್ನಾದರೂ ನೋಡದೆ ಎಸೆಯುವ ಜಾಯಮಾನ ಅವಳದಲ್ಲ. ಒಂದೊಂದನ್ನೇ ನೋಡಿ ಅಳಿಸುತ್ತ ಕೊನೆಯದಕ್ಕೆ ಬಂದಳು.

ಅವಳದೇ ಬೆನ್ನು. ಬಿರಬಿರನೆ ನಡೆದು ಹೋಗುವ ಅವಳು. ಚಿತ್ರ ನಿಜಕ್ಕೂ ನೇರವಾಗಿತ್ತು. ಅವಳು ಬಾಗಿಲು ದಾಟುತ್ತಾಳೆ, ಚಿತ್ರ ಅವಳ ಹಿಂದೆಯೇ ಬಾಗಿಲವರೆಗೆ ಹೋಗುತ್ತದೆ. ಅಲ್ಲಿ ಒಮ್ಮೆ ಮುಂದಕ್ಕೆ ಮುಗ್ಗರಿಸಿ, ಹಿಂದಕ್ಕೆ ಜಗ್ಗಿ, ನಿಂತುಬಿಡುತ್ತದೆ. ಬಾಗಿಲಿನ ಎರಡು ಪಟ್ಟಿಗಳು ಪರದೆಯ ಅಂಚಿನಲ್ಲಿ ನಡುಗುತ್ತಿವೆ. ದೂರದಲ್ಲಿ ಅವಳ ಬೆನ್ನು ಪಾತ್ರೆ ತಿಕ್ಕುತ್ತಿದೆ, ಅವಳ ಬೈಗುಳ ನೀರಿನ ಸದ್ದಿನೊಳಗಿಂದ ಕೇಳುತ್ತಿದೆ. ತೀರ ಹತ್ತಿರದಲ್ಲಿ ಅಪ್ಪನ ಉಸಿರು. ಆಮೇಲೆ ಉಸಿರಿನಷ್ಟೇ ಸಣ್ಣ ದನಿ.

“ನಡಿ. ನಡಿ ಅಂದ್ರೆ. ದರಿದ್ರದ್ದೇ, ಏನಾಗಿದೆ ನಿಂಗೆ? ಹೆಜ್ಜೆ ಎತ್ತು.”

ಚಿತ್ರ ಮತ್ತೊಮ್ಮೆ ಮುಂದಕ್ಕೆ ವಾಲಿತು.

“ಒಂದೇ ಒಂದು ಹೆಜ್ಜೆ ಕಣೋ. ನಿನ್ನ ದಮ್ಮಯ್ಯ. ಅವಳು ತಿರುಗೋದ್ರೊಳಗೆ.”

ಪರದೆಯಲ್ಲಿ ಅವಳು ತಿರುಗಲಿಲ್ಲ. ಅಪ್ಪನ ಮೇಲೆ ಸದಾ ಒಂದು ಕಣ್ಣಿಟ್ಟಿದ್ದವಳು ಆ ಹೊತ್ತಿನಲ್ಲಿ ಲೋಟದ ತಳ ಉಜ್ಜುತ್ತಿದ್ದಳು. ಅವಳ ಮುಂದೆ ಊಟದ ಡಬ್ಬಿ ತೆರೆದದ್ದು ತೆರೆದ ಹಾಗೇ ಇತ್ತು.

ಸಂಜೆ ಅಪ್ಪನ ಪಕ್ಕ ಕೂತು, ಏನೂ ಹೇಳದೆ ಅದನ್ನೇ ಹಾಕಿದಳು.

“ನೋಡು! ಬಾಗಿಲು ನೋಡು, ಕೂದಲೆಳೆಯಷ್ಟು ಸೊಟ್ಟ ಇದೆಯಾ?” ಅಪ್ಪ ಹಿಗ್ಗಿದ. ಅಷ್ಟರಲ್ಲಿ ದನಿ ಬಂತು. ಅಪ್ಪನ ಮುಖದ ಹಿಗ್ಗು ಹಾಗೇ ಉಳಿದು, ಅದರ ಹಿಂದಿನ ಮನುಷ್ಯ ಮಾತ್ರ ಎದ್ದುಹೋದಂತಾಯಿತು.

“ಇದನ್ನೂ ಹಿಡಿಯುತ್ತಾ ಇದು?”

“ಹಿಡಿಯುತ್ತೆ.”

“ಅಳಿಸು.”

“ಅಳಿಸ್ತೀನಿ. ಸಾರವೆ ಮೇಲೆ ಹೀಗೇ ನಿಂತ್ರೆ ಅಲ್ಲಿ ಯಾರನ್ನ ಬೇಡ್ಕೋತೀಯ, ಅದನ್ನ ಹೇಳು, ಅಳಿಸ್ತೀನಿ.”

ಅಪ್ಪ ಹೇಳಲಿಲ್ಲ. ಅವಳು ಅಳಿಸಲಿಲ್ಲ. ಊಟಕ್ಕೆ ಕೂತಾಗಲೂ ಇಬ್ಬರೂ ಎದುರು ಗೋಡೆಯನ್ನೇ ನೋಡಿದರು. ಬೆಳಿಗ್ಗೆ ಅಪ್ಪನೇ ಚಪ್ಪಲಿ ಮೆಟ್ಟಿ ಹೊರಗೆ ನಿಂತು, ಬೀದಿಯ ಕಡೆ ಮುಖ ಮಾಡಿ ಕೇಳಿದ.

“ಮಾತು ತೆಗೆದು ಬರೀ ಚಿತ್ರ ತೋರಿಸೋಕಾಗುತ್ತಾ?”

ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಕ್ಯಾಮೆರಾದ ಪುಸ್ತಕ ಹರಡಿ ಕೂತಳು. ನೀರಿನಲ್ಲಿ ಬಳಸಬೇಡಿ ಎಂಬ ಎಚ್ಚರಿಕೆ ನಾಲ್ಕು ಕಡೆ ಇತ್ತು, ಅವಳಿಗೆ ಬೇಕಾದ್ದು ಎಲ್ಲೂ ಇರಲಿಲ್ಲ. ಮೇಲಿದ್ದ ಸಣ್ಣ ಸ್ವಿಚ್ಚನ್ನು ಅತ್ತ ತಳ್ಳಿದರೆ ಚಿತ್ರಗಳೆಲ್ಲ ಚೂರುಚೂರಾಗಿ ಸಾಲಾಗಿ ನಿಂತವು. ಇತ್ತ ತಳ್ಳಿದರೆ “ದರಿದ್ರದ್ದೇ” ಎಂಬ ಮಾತು ಪಡಸಾಲೆಯ ತುಂಬ ಮೊಳಗಿತು. ಎದುರಿಗಿದ್ದ ಮುದುಕಿಯೊಬ್ಬಳು ತನಗೇ ಅಂದರೇನೋ ಎಂದು ತಲೆಯೆತ್ತಿದಳು. ಅಪ್ಪ ಕೈ ಚಾಚಿ ಕ್ಯಾಮೆರಾ ಕಿತ್ತುಕೊಂಡ. ಅದೇ ಹೊತ್ತಿಗೆ ಒಳಗಿನಿಂದ ಕರೆ ಬಂತು.

ಡಾಕ್ಟರ ಮೇಜಿನ ಮೇಲೆ ಕ್ಯಾಮೆರಾವನ್ನು ಅಪ್ಪನೇ ಹಿಡಿದುಕೊಂಡ. ಪಕ್ಕದಲ್ಲಿ ದನಿ ಹೊರಬರುವ ಸಣ್ಣ ತೂತುಗಳಿದ್ದವು. ಅವುಗಳ ಮೇಲೆ ಹೆಬ್ಬೆರಳು ಒತ್ತಿ, ಅವಳ ಕಡೆ ನೋಡದೆ “ಹಾಕು” ಎಂದ.

“ಇದರಲ್ಲಿ ನೀವೆಲ್ಲಿದೀರಿ? ಮಗಳು ಕಾಣ್ತಿದಾರಲ್ಲ,” ಎಂದರು ಡಾಕ್ಟರು.

“ಹಿಡಿದಿರೋನು ನಾನು. ಅವಳ ಹಿಂದೇನೇ ಒಳಗೆ ಹೋಗ್ಬೇಕಿತ್ತು.”

“ಹೋದ್ರಾ?”

“ನೋಡಿ, ಗೊತ್ತಾಗುತ್ತೆ.”

ಡಾಕ್ಟರು ಬಾಗಿದರು. “ಸೌಂಡ್ ಬರ್ತಿಲ್ಲವಲ್ಲ?”

“ಕೆಟ್ಟಿದೆ,” ಎಂದ ಅಪ್ಪ.

ಬಾಗಿಲಿನ ಪಟ್ಟಿಗಳು ನಡುಗಿದವು. ಚಿತ್ರ ಮುಗ್ಗರಿಸಿತು, ಜಗ್ಗಿತು, ನಿಂತಿತು. ಡಾಕ್ಟರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು ಕೊನೆಯವರೆಗೂ ನೋಡಿದರು. ಆಮೇಲೆ ಮೊದಲ ಸಲ, ಅವಳನ್ನಲ್ಲ, ಅಪ್ಪನನ್ನು ಕೇಳಿದರು. “ದಿನಾ ಆಗುತ್ತಾ?”

“ಆಗುತ್ತೆ.”

“ಬಾಗಿಲಲ್ಲಿ ಮಾತ್ರಾನಾ?”

“ಹಲಗೆ ತುದೀಲೂ ಆಗಿದೆ. ಹಿಂದಿನ ಕೆಲಸದಲ್ಲಿ, ಎರಡ್ಸಲ,” ಎಂದ ಅಪ್ಪ.

ಅವಳು ಅಪ್ಪನ ಕಡೆ ತಿರುಗಿದಳು. ಅಪ್ಪ ತಿರುಗಲಿಲ್ಲ. ಮಾತ್ರೆಯ ಹೊತ್ತು ಬದಲಾಯಿತು, ಹೊಸದೊಂದು ಸೇರಿತು. ಕೆಳಗೆ ನಿಂತು ಕೆಲಸ ಮಾಡಿಸಿ, ಮೇಲೆ ಮಾತ್ರ ಹತ್ತಲೇಕೂಡದು ಎಂದರು ಡಾಕ್ಟರು. ಇಷ್ಟು ದಿನ ಅವಳು ಜಪ ಮಾಡುತ್ತಿದ್ದ ಮಾತು. ಕೇಳಿದ ಮೇಲೆ ಎದೆ ಹಗುರಾಗುತ್ತದೆಂದುಕೊಂಡಿದ್ದಳು. ಆಗಲಿಲ್ಲ. ಎರಡು ಸಲವೆಂದರೆ ಯಾವಾಗ, ಆಗ ತಾನು ಎಲ್ಲಿದ್ದೆ, ಏನು ತಿಕ್ಕುತ್ತಿದ್ದೆ ಎಂದು ಮನಸ್ಸು ಲೆಕ್ಕ ಹಾಕತೊಡಗಿತ್ತು.

“ಸಮಾಧಾನ ಆಯ್ತಾ?” ಎಂದ ಅಪ್ಪ, ಮೇಜನ್ನೇ ನೋಡುತ್ತ.

“ಇಲ್ಲ,” ಎಂದಳು. “ಕೊಡು ಅಪ್ಪ, ಮುಗೀತು.”

ಪರದೆ ಆಗಲೇ ಕಪ್ಪಾಗಿತ್ತು. ಗಾರೆ ತಿಂದು ಒರಟಾದ ಅಪ್ಪನ ಹೆಬ್ಬೆರಳು, ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ, ಇನ್ನೂ ಆ ತೂತುಗಳನ್ನು ಮುಚ್ಚಿಕೊಂಡೇ ಇತ್ತು.