ಮೇಡಂ ತಲೆಯ ಎರಡನೇ ರಕ್ತನಾಳ

ಆ ಮನೆಯ ಫ್ಯಾನು ತಿರುಗದೆ ಎರಡು ಬೇಸಿಗೆ ಕಳೆದಿದ್ದವು. ಅದೇನೂ ಕೆಟ್ಟಿರಲಿಲ್ಲ. ಮೇಡಂ ಅವರ ಬಲಗೆನ್ನೆಗೆ ಗಾಳಿ ಸೋಕಬಾರದಿತ್ತು, ಅಷ್ಟೆ. ಸೋಕಿತೋ, ದವಡೆಯಿಂದ ಕಣ್ಣಿನವರೆಗೆ ಕಾದ ಸೂಜಿ ಎಳೆದಂಥ ನೋವು. ಮುಖ ತೊಳೆದರೆ ನೋವು, ಅಗಿದರೆ ನೋವು, ಎಲ್ಲಕ್ಕಿಂತ ಹೆಚ್ಚಾಗಿ ಮಾತಾಡಿದರೆ ನೋವು. ಗಡಿಯಾರ ರಿಪೇರಿ ಮಾಡುವ ಗಂಡ ಬೆವರಿದ ಬನಿಯನ್ನು ಹಿಂಡುತ್ತಾ, ಮದುವೆಯಾದ ಮೇಲೆ ತನಗೆ ಮಾತಾಡುವ ಸರದಿ ಬಂದಿರುವುದೇ ಈಗ, ಆದರೆ ಹೇಳುವುದಕ್ಕೆ ಏನೂ ಹೊಳೆಯುತ್ತಿಲ್ಲ ಎನ್ನುತ್ತಿದ್ದರು. ಮೇಡಂಗೆ ನಗುವುದಕ್ಕೂ ಆಗುತ್ತಿರಲಿಲ್ಲ. ನಕ್ಕರೂ ನೋವೇ.

ಮೇಡಂ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆ ಕಲಿಸುವವರು. ಬೆನ್ನ ಹಿಂದೆ ವಿದ್ಯಾರ್ಥಿಗಳು ಅವರನ್ನು ಕತ್ತರಿ ಮೇಡಂ ಎಂದು ಕರೆಯುತ್ತಿದ್ದರು. ಶವ ಕೊಯ್ಯುವಾಗ ಪುಸ್ತಕದ ಚಿತ್ರದಲ್ಲಿ ಇಲ್ಲದ ಎಳೆಯೊಂದು ಕಂಡರೆ ಸದ್ದಿಲ್ಲದೆ ಕತ್ತರಿಸಿ, 'ಕ್ಲೀನ್ ಮಾಡಿದೆವು' ಎನ್ನುವುದು ಹುಡುಗರ ಹಳೇ ಚಾಳಿ. ಅಂಥವರ ಕೈಯಿಂದ ಮೇಡಂ ಕತ್ತರಿ ಕಿತ್ತುಕೊಂಡುಬಿಡುತ್ತಿದ್ದರು. ಕಿರುಮೆದುಳಿಗೆ ರಕ್ತ ಒಯ್ಯುವ ನಾಳಗಳ ಪಾಠ ಬಂತೆಂದರಂತೂ ಅವರನ್ನು ಹಿಡಿಯುವವರೇ ಇಲ್ಲ. ಪುಸ್ತಕದ ಲೆಕ್ಕದಲ್ಲಿ ಒಂದೊಂದು ಪಕ್ಕಕ್ಕೆ ಮೇಲಿನದು ಒಂದು, ಕೆಳಗಿನವು ಎರಡು. ನಿಜವಾದ ತಲೆಗಳಲ್ಲಿ ಹಾಗಲ್ಲ. ಒಬ್ಬರಿಗೆ ಮೇಲಿನದೇ ಜೋಡಿಯಾಗಿರುತ್ತದೆ. ಇನ್ನೊಬ್ಬರಿಗೆ ಕೆಳಗಿನದೊಂದು ಇರುವುದೇ ಇಲ್ಲ, ಪಕ್ಕದ್ದು ಅದರ ಹೊರೆಯನ್ನೂ ಹೊತ್ತುಕೊಂಡಿರುತ್ತದೆ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಹೇಳಿ ಮೇಡಂ ಮೇಜು ಕುಟ್ಟುತ್ತಿದ್ದರು.

ಮಾತಾಡಲಾಗದೆ ಆ ಪಾಠ ನಿಂತುಹೋಗಿತ್ತು. ಅದಕ್ಕೇ ಅವರ ಹೊಟ್ಟೆ ಉರಿಯುತ್ತಿದ್ದುದು.

ಒಂದು ಶಸ್ತ್ರಚಿಕಿತ್ಸೆ ಆಗಲೇ ಮುಗಿದಿತ್ತು. ಮಾಡಿದವನು ಅವರ ಹಳೆಯ ಶಿಷ್ಯನೇ, ಈಗ ಹೆಸರಾಂತ ಮೆದುಳಿನ ಸರ್ಜನ್. ಕಿರುಮೆದುಳಿನ ಮೇಲ್ಭಾಗಕ್ಕೆ ಹೋಗುವ ನಾಳ ಬಾಗಿ ಬಂದು ಮುಖದ ನರಕ್ಕೆ ಬಡಿಯುತ್ತಿತ್ತು. ಅವನು ಅದನ್ನು ಎತ್ತಿ, ನಡುವೆ ಹತ್ತಿಯಂಥ ಚಿಕ್ಕ ದಿಂಬಿಟ್ಟು, ತಲೆ ಮುಚ್ಚಿದ್ದ. ಕೆಲವು ದಿನ ಸುಖವಿತ್ತು. ಆಮೇಲೆ ನೋವು ಬಡ್ಡಿ ಸಮೇತ ವಾಪಸ್ಸು ಬಂತು. ಶಿಷ್ಯ ತಲೆ ತಗ್ಗಿಸಿ, ಇನ್ನು ಉಳಿದಿರುವುದು ನರವನ್ನೇ ಸುಡುವುದು, ನೋವು ಹೋಗುತ್ತದೆ, ಆದರೆ ತುಟಿ ನಾಲಿಗೆಯೆಲ್ಲ ಆ ಪಕ್ಕಕ್ಕೆ ಜೋಮು ಹಿಡಿದಂತೆ ಇದ್ದುಬಿಡುತ್ತದೆ ಎಂದ.

ಅರ್ಧ ನಾಲಿಗೆಯಲ್ಲಿ ಪಾಠ ಮಾಡುವುದು ಹೇಗೆ? ಮೇಡಂ ತಮ್ಮ ತಲೆಯ ಸ್ಕ್ಯಾನ್ ಚಿತ್ರಗಳನ್ನು ಕೇಳಿ ತರಿಸಿಕೊಂಡರು. ಶವ ಕೆಡದಂತೆ ಇಡುವ ಫಾರ್ಮಲಿನ್ ವಾಸನೆಯ ತಮ್ಮ ಕೋಣೆಯಲ್ಲಿ ಕೆನ್ನೆಗೆ ಕೈ ಆನಿಸಿ ಕೂತು, ಒಂದೊಂದೇ ಪದರ ನೋಡುತ್ತಾ ಹೋದರು. ಬೇರೆಯವರ ತಲೆಯಾಗಿದ್ದರೆ ಯಾವತ್ತೋ ನೋಡಿರುತ್ತಿದ್ದರು. ತಮ್ಮದೆಂದು ಹೆದರಿ ಇಷ್ಟು ದಿನ ಮುಟ್ಟಿರಲಿಲ್ಲ. ಬಲಗಡೆ, ದಪ್ಪ ನಾಳದ ಕೆಳಗೆ, ಕೂದಲೆಳೆಯಂಥ ನೆರಳೊಂದು ಕಂಡಿತು. ಮೇಡಂ ಅದನ್ನು ಬೆನ್ನಟ್ಟಿ ಅದರ ಬುಡ ಮುಟ್ಟಿದರು.

ಮರುದಿನ ಶಿಷ್ಯನ ಕೋಣೆಗೆ ಹೋಗಿ ಪರದೆಯ ಮೇಲೆ ಬೆರಳಿಟ್ಟರು. ಅವನು ಬಗ್ಗಿ ನೋಡಿದ.

"ಅದು ಅಶುದ್ಧ ರಕ್ತದ ಸಿರೆ ಇರಬಹುದು, ಮೇಡಂ. ತಪ್ಪಾದ್ರೆ ನಿಮ್ಮ ತಲೇನ ಸುಮ್ಮನೆ ಎರಡನೇ ಸಲ ತೆಗೆದ ಹಾಗಾಗುತ್ತೆ."

"ಬುಡ ನೋಡು. ದೊಡ್ಡದು ಹುಟ್ಟೋ ಕಡೆಯೇ ಇದೂ ಹುಟ್ಟಿದೆ. ಇದು ಜೋಡಿ ಕಣೋ." ನೋವಿಗೆ ಮೇಡಂ ಕಣ್ಣಲ್ಲಿ ನೀರು ಬಂತು, ಆದರೂ ನಿಲ್ಲಿಸಲಿಲ್ಲ. "ಒಂದು ಸಿಕ್ಕಿತು ಅಂತ ಮುಚ್ಚಿಬಿಟ್ಟೆ. ಪುಸ್ತಕದಲ್ಲಿ ಒಂದೇ ಇತ್ತಲ್ಲ. ಅವತ್ತು ನಿನ್ನ ಕೈಯಿಂದ ಕತ್ತರಿ ಯಾಕೆ ಕಿತ್ಕೊಂಡೆ, ನೆನಪಿದೆಯಾ?"

ಅವನಿಗೆ ನೆನಪಿತ್ತು. ಅವತ್ತೂ ಅವನು ಕತ್ತರಿಸಲು ಹೊರಟಿದ್ದು ಇಂಥದ್ದೇ ಜೋಡಿಯ ಸಣ್ಣದನ್ನು. ಕಿವಿ ಕೆಂಪಗಾಯಿತು. ಬುಡದಿಂದ ತುದಿಯವರೆಗೆ ತಾನೇ ಮತ್ತೊಮ್ಮೆ ಹಿಂಬಾಲಿಸಿ ನೋಡಿ, ನರ ಸುಡುವುದು ಬೇಡ, ತೆರೆಯೋಣ ಎಂದ.

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಗಂಡ ಆಪರೇಷನ್ ಕೋಣೆಯ ಹೊರಗೆ, ಬಿಚ್ಚಿದ ಕೈಗಡಿಯಾರವೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಒಂದೇ ತಿರುಪನ್ನು ಹಾಕುತ್ತಿದ್ದರು, ತೆಗೆಯುತ್ತಿದ್ದರು, ಮತ್ತೆ ಹಾಕುತ್ತಿದ್ದರು. ಒಳಗೆ ಶಿಷ್ಯ ಹಳೆಯ ದಿಂಬನ್ನು ಮೆಲ್ಲಗೆ ಸರಿಸಿದ. ಅದರ ಹಿಂದೆಯೇ ಅಡಗಿತ್ತು ಎರಡನೆಯದು. ತಾನಿಟ್ಟ ದಿಂಬೇ ಅದನ್ನು ನರಕ್ಕೆ ಒತ್ತಿ ಹಿಡಿದಿತ್ತು. ಈ ಸಲ ಅವನು ಎರಡನ್ನೂ ಬಿಡಿಸಿ, ನರದ ಸುತ್ತ ಇನ್ನೊಮ್ಮೆ ತಡಕಿ ನೋಡಿ, ಆಮೇಲೆ ಮುಚ್ಚಿದ.

ಮೇಡಂಗೆ ಎಚ್ಚರವಾದಾಗ ಹಾಸಿಗೆಯ ಪಕ್ಕ ನಿಂತಿದ್ದವನು ಅವನೇ. ಎರಡಿದ್ದವು, ನಿಮ್ಮ ಮಾತೇ ನಿಜವಾಯಿತು ಎಂದು ಒಪ್ಪಿಕೊಂಡ. ಮೇಡಂ ಮೊದಲು ಬೆರಳ ತುದಿಯಿಂದ, ಆಮೇಲೆ ಇಡೀ ಅಂಗೈಯಿಂದ ಬಲಗೆನ್ನೆ ಉಜ್ಜಿಕೊಂಡರು. ಏನೂ ಆಗಲಿಲ್ಲ. ಮುಟ್ಟಿದ್ದು ಚೆನ್ನಾಗಿಯೇ ಗೊತ್ತಾಗುತ್ತಿತ್ತು, ನೋವು ಮಾತ್ರ ಇರಲಿಲ್ಲ. ನರ್ಸಮ್ಮ ಮಾತಾಡಬೇಡಿ ಎಂದರೂ ಕೇಳದೆ, "ಫೋಟೋ ತೆಗೆದ್ಯೇನೋ? ನನ್ನ ಕ್ಲಾಸಿಗೆ ಬೇಕು," ಎಂದರು. ತೆಗೆದಿದ್ದೇನೆ ಎಂದು ಶಿಷ್ಯ ನಕ್ಕ. ಮೇಡಂ ಅವನಿಗಿಂತ ಜೋರಾಗಿ ನಕ್ಕರು, ಕೆನ್ನೆ ಎರಡೂ ಅರಳುವಂತೆ.

ಮನೆಗೆ ಬಂದ ದಿನ ಅವರು ಚಪ್ಪಲಿಯನ್ನೂ ಬಿಡದೆ ನೇರ ಸ್ವಿಚ್ಚಿನ ಹತ್ತಿರ ಹೋದರು. ಗಂಡ ಬೇಡ ಬೇಡ ಎನ್ನುವಷ್ಟರಲ್ಲಿ ಫ್ಯಾನು ಕೊನೆಯ ನಂಬರಿಗೆ ಏರಿತ್ತು. ಎರಡು ಬೇಸಿಗೆಯ ಧೂಳು ಇಬ್ಬರ ಮೇಲೂ ಸುರಿಯಿತು. ಮೇಡಂ ಮುಖವೆತ್ತಿ, ಬಲಗೆನ್ನೆಯನ್ನು ಗಾಳಿಗೆ ಕೊಟ್ಟು ನಿಂತರು. ಗೆದ್ದೆ ಅನ್ನಿಸಿತು ಅವರಿಗೆ, ಹಾಗೆಂದು ಗಟ್ಟಿಯಾಗಿ ಹೇಳಿಯೂಬಿಟ್ಟರು. ಆಮೇಲೆ ಕಿರುಮೆದುಳಿನ ನಾಳಗಳ ಪಾಠವನ್ನು ನಿಂತ ಜಾಗದಿಂದಲೇ ಎತ್ತಿಕೊಂಡರು.

"ಹಾಗಾದ್ರೆ ನನ್ನ ಸರದಿ ಮುಗೀತು," ಎಂದು ಗಂಡ ತಲೆಯ ಧೂಳು ಕೊಡವಿಕೊಂಡು, ಫ್ಯಾನಿನ ಕೆಳಗೆ ಕುರ್ಚಿ ಎಳೆದುಕೊಂಡು, ಪಾಠ ಕೇಳಲು ಕೂತರು.