ಮೂಟೆಯ ಬಾಯಿಯ ಏಲಕ್ಕಿ

ಹಡಗು ಕುವೈತಿನ ದಡ ಸೇರಿದ ದಿನ ನಲವತ್ತು ಮೂಟೆ ಏಲಕ್ಕಿ ಇಳಿಯಿತು, ಅದನ್ನು ಕೊಳ್ಳಲು ಹೋಗಿದ್ದ ಬರ್ರಾಕ್ ಇಳಿಯಲಿಲ್ಲ. ಹಡಗಿನ ಯಜಮಾನ ಅವನ ಜಪಮಣಿಯನ್ನು ಅಣ್ಣ ಶಾಹೀನನ ಅಂಗೈಯಲ್ಲಿಟ್ಟು, "ಮಂಗಳೂರಲ್ಲಿ ಜ್ವರ ಬಂತು, ಮೂರೇ ದಿನ. ಬಂದರಿನ ಮಸೀದಿ ಪಕ್ಕ ಮಣ್ಣು ಮಾಡಿ ಬಂದ್ವಿ. ಮೂಟೆಗಳ ಬಾಯನ್ನ ಅಷ್ಟರಲ್ಲೇ ಅವನೇ ಹೊಲಿದು ಮುಗಿಸಿದ್ದ" ಎಂದ. ಎಪ್ಪತ್ತರ ಶಾಹೀನ ಮರಳಿನ ಮೇಲೆ ಹಾಗೇ ಕುಸಿದ.

ಹೊರಡುವ ದಿನ ತಮ್ಮನನ್ನು ಬೈದು ಕಳಿಸಿದ್ದ, ಅದೇ ಈಗ ಅವನನ್ನು ಚುಚ್ಚುತ್ತಿತ್ತು. ಮೂಟೆಯಲ್ಲಿ ಬಣ್ಣಗೆಟ್ಟ, ಒಡೆದ ಕಾಯಿ ಇದ್ದರೆ ಅದನ್ನೆಲ್ಲ ಕೊಳ್ಳುವವರಿಗೆ ಮೊದಲೇ ಕಾಣುವಂತೆ ಮೂಟೆಯ ಬಾಯಿಗೇ ತುಂಬಬೇಕು ಎಂಬುದು ಅವರ ತಂದೆಯ ಕಟ್ಟಳೆ. ಮಳೆಗೆ ನೆನೆದ ಧಾನ್ಯವನ್ನು ಜನ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಪ್ರವಾದಿಗಳೇ ವ್ಯಾಪಾರಿಯೊಬ್ಬನನ್ನು ಕೇಳಿದ್ದರಲ್ಲ! ಎದುರಂಗಡಿಯ ಫುಲೈಜನದು ಇದಕ್ಕೆ ತದ್ವಿರುದ್ಧ. ಮೇಲೆ ಹಸಿರು, ಕೆಳಗೆ ಹೊಟ್ಟು. ಆದರೂ ಗಿರಾಕಿಗಳು ಅಲ್ಲೇ ಮುಗಿಬೀಳುತ್ತಿದ್ದರು. "ಈ ಸಲನಾದ್ರೂ ಒಳ್ಳೇದನ್ನ ಮೇಲಿಡೋ ಹಠಮಾರಿ! ನಿನ್ನ ಧರ್ಮಕ್ಕೆ ನಮ್ಮ ಅಂಗಡಿ ಮುಳುಗ್ತಿದೆ" ಎಂದು ಶಾಹೀನ ಕೂಗಿದ್ದ. ಬರ್ರಾಕ್ ಗಂಟನ್ನು ಹೆಗಲಿಗೇರಿಸಿ ಹಡಗು ಹತ್ತಿದ್ದ.

ಈ ಮಣ್ಣಿನಲ್ಲಿ ಏಲಕ್ಕಿ ಬೆಳೆಯದು. ಏಲಕ್ಕಿಯಿಲ್ಲದ ಕಾಫಿಯನ್ನು ಇಲ್ಲಿ ಯಾರೂ ಕಾಫಿ ಎನ್ನರು. ರಮಜಾನಿಗೆ ಇಪ್ಪತ್ತು ದಿನ ಇತ್ತು, ಬೇರೆ ಹಡಗಿನ ಸುಳಿವಿರಲಿಲ್ಲ. ಊರಿನ ಕಣ್ಣೆಲ್ಲ ಶಾಹೀನನ ಅಂಗಳದ ಮೂಟೆಗಳ ಮೇಲೆ.

ಶೋಕದ ಮೂರನೆಯ ದಿನ ಫುಲೈಜ್ ಬಂದ. ಶಾಹೀನ ಬಗ್ಗಿಸಿಕೊಟ್ಟ ಕಾಫಿ ಬಟ್ಟಲನ್ನು ತುಟಿಗೆ ಮುಟ್ಟಿಸದೆ ನೆಲದ ಮೇಲಿಟ್ಟ. ಸಂತಾಪಕ್ಕೆ ಬಂದು ಕೂತವರೆಲ್ಲ ಬಟ್ಟಲಿನತ್ತ ತಿರುಗಿದರು. ಹಾಗಿಟ್ಟ ಅತಿಥಿ ತನ್ನ ಬೇಡಿಕೆ ನಡೆಯುವವರೆಗೆ ಕಾಫಿ ಕುಡಿಯುವುದಿಲ್ಲ, ನಡೆಸಿಕೊಡದಿದ್ದರೆ ಮನೆಯ ಮಾನ ಉಳಿಯದು.

"ಏನಾಗ್ಬೇಕು ಹೇಳು," ಎಂದ ಶಾಹೀನ.

"ಒಂದು ಮೂಟೆ ಬಿಚ್ಚು, ಶಾಹೀನ." ಊರೆಲ್ಲ ಶಾಹೀನನನ್ನು ಗೌರವದಿಂದ ಮಗನ ಹೆಸರು ಹಿಡಿದು ಅಬೂ ಮಿಶಾರಿ, ಮಿಶಾರಿಯ ಅಪ್ಪ, ಎನ್ನುತ್ತಿತ್ತು. ಫುಲೈಜನಿಗೆ ಅಷ್ಟು ಮರ್ಯಾದೆಯೂ ಭಾರ. "ನಿನ್ನ ತಮ್ಮ ಸಾಯೋ ಮುಂಚೆ ಕಸ ತುಂಬಿ ಕಳಿಸಿದ್ದಾನೆ ಅಂತ ಸುದ್ದಿ. ರಮಜಾನಲ್ಲಿ ಜನ ಕಸದ ಕಷಾಯ ಕುಡೀಬೇಕಾ?"

"ಸುದ್ದಿ ಹಬ್ಬಿಸಿದವನೇ ಬಂದು ಕೇಳ್ತಿದ್ದೀಯಲ್ಲ! ರಣಹದ್ದೂ ಹೆಣ ತಣ್ಣಗಾಗೋವರೆಗೆ ಕಾಯುತ್ತೆ, ಫುಲೈಜ್."

"ಹೆಣ ಮಂಗಳೂರಲ್ಲಿದೆ. ಮೂಟೆ ಇಲ್ಲಿದೆ. ಬಿಚ್ಚು."

ಶಾಹೀನ ಹೊಲಿಗೆ ಕತ್ತರಿಸಿದ. ಬಾಯಲ್ಲಿ ಕಂಡದ್ದು ಒಣಹುಲ್ಲಿನ ಬಣ್ಣದ, ಹೊಟ್ಟೆ ಬಿರಿದ ಕಾಯಿ.

"ನೋಡ್ರಪ್ಪಾ!" ಫುಲೈಜ್ ಒಂದು ಹಿಡಿ ಎತ್ತಿ ಎಲ್ಲರ ಮುಂದೆ ಹಿಡಿದ. "ಸತ್ತವನ ಉಡುಗೊರೆ! ಇದನ್ನ ಕಾಫಿಗೆ ಹಾಕೋದಾ, ಕತ್ತೆಗೆ ಹಾಕೋದಾ?"

ಶಾಹೀನ ಮೂಟೆಯ ಅಂಚು ಹಿಡಿದು ಯೋಚಿಸಿದ. ತಮ್ಮ ತನ್ನ ಮಾತು ಕೇಳಿ ಒಳ್ಳೆಯದನ್ನೇ ಮೇಲಿಟ್ಟಿದ್ದರೆ, ಇದ್ದುದರಲ್ಲಿ ಇದೇ ಒಳ್ಳೆಯದು. ಹಾಗಾದರೆ ತಳದಲ್ಲಿರುವುದು ಎಂಥದ್ದು? ಸುರಿದರೆ ಬರ್ರಾಕನ ಹೆಸರು ಇವತ್ತೇ ಮಣ್ಣುಪಾಲಾದೀತು. ಸುರಿಯದೆ ಮೂಟೆಯ ಬಾಯಿ ಮತ್ತೆ ಕಟ್ಟಿದರೆ ಕಳ್ಳ ಎಂಬ ಮಾತು ಅವನ ಗೋರಿಗಂಟಿ ಉಳಿದೀತು. ಜಪಮಣಿ ಬೆರಳಿಗೆ ತಾಗಿತು. ನಲವತ್ತು ವರ್ಷ ಕೂಗಾಡಿದರೂ ಆ ಹಠಮಾರಿ ಯಾವತ್ತು ತನ್ನ ಮಾತು ಕೇಳಿದ್ದ?

"ಬಿಸ್ಮಿಲ್ಲಾ" ಎಂದು ಮೂಟೆಯನ್ನು ಚಾಪೆಯ ಮೇಲೆ ಬೋರಲು ಹಾಕಿದ.

ಮೇಲಿನ ಎರಡು ಬೊಗಸೆ ಕಳೆದದ್ದೇ ಹಸಿರು, ಬರೀ ಹಸಿರು, ಸುರಿಯುತ್ತಲೇ ಇತ್ತು. ಅಂಗಳ ಘಮ್ಮೆಂದಿತು. ಫುಲೈಜ್ ಮೊಣಕೈವರೆಗೆ ಕೈ ತೂರಿಸಿ ಕೆದಕಿದ. ಒಂದೂ ಪೊಳ್ಳು ಕಾಯಿ ಸಿಗಲಿಲ್ಲ.

"ಒಂದು ಮೂಟೆ ತಾನೇ," ಎಂದು ಗೊಣಗಿದ.

"ಇನ್ನೂ ಮೂವತ್ತೊಂಬತ್ತಿದೆ, ಕೆದಕು. ಮೊದಲು ಬಟ್ಟಲು ಎತ್ತು. ನಿನ್ನ ಕೆಲಸ ಆಯ್ತಲ್ಲ?" ಎಂದ ಶಾಹೀನ. "ನಮ್ಮಲ್ಲಿ ಏಲಕ್ಕಿ ಮುಗಿದಿತ್ತು, ನಿನ್ನಂಗಡೀದೇ ಹಾಕಿದ್ದೀವಿ. ಹೊಟ್ಟಿನ ವಾಸನೆ ಬಂದ್ರೆ ಸಹಿಸ್ಕೋ."

ಯಾರೋ ಕೆಮ್ಮಿ ನಗು ನುಂಗಿದರು. ಫುಲೈಜ್ ತಣ್ಣಗಾದ ಕಾಫಿಯನ್ನು ಗುಟುಕರಿಸಿ, ಸಂತಾಪದ ಒಂದು ಮಾತೂ ಆಡದೆ ಹೊರಟ. ಶಾಹೀನ ಅವನನ್ನು ಬಾಗಿಲವರೆಗೆ ಕಳಿಸಲು ಏಳಲಿಲ್ಲ.

ಚಾಪೆಯ ಅಂಚಿನಲ್ಲಿದ್ದ ಬಿರಿದ ಕಾಯಿಯೊಂದನ್ನು ಹೆಕ್ಕಿ, ಕಣ್ಣಿಗೊತ್ತಿಕೊಂಡು ಕೈಯೆತ್ತಿದ: "ಅಲ್ಲಾಹ್, ನನ್ನ ಮಾತು ಕೇಳದೆ ಹೋದ ತಮ್ಮನ ಮೇಲೆ ಕರುಣೆಯಿಡು. ಅವನನ್ನು ಬೈದ ಈ ನಾಲಿಗೆಯನ್ನು ಕ್ಷಮಿಸು. ಕಡಲಾಚೆಯ ಮಣ್ಣು ಅವನ ಎದೆಗೆ ಹಗುರಾಗಲಿ, ಗೋರಿಯಲ್ಲಿ ಬೆಳಕಿರಲಿ. ಅವನು ನೆಮ್ಮದಿಯಾಗಿ ಮಲಗಲಿ. ಆಮೀನ್."