ಎಂಟು ವಿಮಾನಗಳು ಹಾರಿಹೋದ ಮಧ್ಯಾಹ್ನ

ಕ್ಲೈಡ್ ನದಿಯ ವಿಶಾಲ ಅಳಿವೆಯ ಮೇಲೆ ಫೆಬ್ರವರಿಯ ಬೆಳಕು ಅಂದು ನಿಂತಲ್ಲಿ ನಿಲ್ಲಲಾರದೆ ಅಲೆಯುತ್ತಿತ್ತು... ಒಮ್ಮೆ ಆಚೆ ದಡದ ಹಿಮಾವೃತ ಗಿರಿಗಳನ್ನು ಮುಟ್ಟಿ, ಒಮ್ಮೆ ಗ್ರೀನಕ್ ಪಟ್ಟಣದ ಮಸಿ ಹಿಡಿದ ಹೊಗೆಗೊಳವೆಗಳನ್ನು ಸವರಿ, ಮರುಕ್ಷಣವೇ ಮಳೆಮೋಡದ ಮರೆಗೆ ಸರಿಯುತ್ತಿತ್ತು. ಯುದ್ಧಕ್ಕೆ ಅದು ಐದನೆಯ ಚಳಿಗಾಲ. ಸಹೃದಯರೇ, ಆ ಬೆಳಕಿಗಿಂತಲೂ ಚಂಚಲವಾಗಿದ್ದುದು ಎಫಿ ಗಾಲ್ಬ್ರೈತಳ ಮನಸ್ಸು!

ಹಡಗು ಕಟ್ಟುವ ಕಾರ್ಖಾನೆಯಲ್ಲಿ ನಕ್ಷೆಗಳ ಪೆನ್ಸಿಲ್ ಗೆರೆಗಳನ್ನು ಶಾಯಿಯಲ್ಲಿ ತಿದ್ದುವುದು ಅವಳ ಕೆಲಸ. 'ಹಾರ್ಬಿಂಜರ್' ನೌಕೆಯ ಗೆರೆಗಳನ್ನೂ ಅವಳೇ ತಿದ್ದಿದ್ದಳು. ಧಾನ್ಯ ಹೊರಲೆಂದು ಅರ್ಧ ಕಟ್ಟಿದ್ದ ಒಡಲದು. ಯುದ್ಧ ಬಂದೊಡನೆ ನೆತ್ತಿಗೆ ವಿಮಾನ ಏರಿಳಿಯುವ ಚಪ್ಪಟೆ ಅಟ್ಟ ಹಾಸಿ, ಒಂಬತ್ತು ವಿಮಾನ ಕೊಟ್ಟು, ಸರಕು ಹಡಗುಗಳ ಸಾಲನ್ನು ಜಲಾಂತರ್ಗಾಮಿಗಳಿಂದ ಕಾಯಲು ಕಳಿಸಿದರು. ದಿಬ್ಬಣದ ಜೊತೆ ಹೊರಟ ಸೋದರಮಾವನ ಹಾಗೆ ಹಿಂದೆ ಮುಂದೆ ನೋಡಿಕೊಳ್ಳುತ್ತ ಅದು ಜಿಬ್ರಾಲ್ಟರಿಗೆ ನಾಲ್ಕು ಸಲ, ರಷ್ಯದ ಹಿಮಸಾಗರಕ್ಕೆ ಮೂರು ಸಲ ಹೋಗಿಬಂದಿತ್ತು. ಆ ಅಟ್ಟ ಎಷ್ಟು ಗಿಡ್ಡವೆಂಬುದು ಎಫಿಗೆ ಅಂಗುಲ ಅಂಗುಲವಾಗಿ ಗೊತ್ತಿತ್ತು.

ಅದಕ್ಕೇ ಡಿಸೆಂಬರಿನಲ್ಲಿ ಆ ನೌಕೆಯ ವಿಮಾನಚಾಲಕ ಲ್ಯಾಕ್ಲನ್ ರೆನಿ ಮದುವೆಯ ಮಾತೆತ್ತಿದಾಗ ಅವಳು ಒಲ್ಲೆನೆಂದಳು. "ಕಾಲಡಿ ನೆಲ ಇಲ್ಲದೋನ್ನ ನಂಬಿ ನಾನು ಹೇಗೆ ಸಂಸಾರ ಮಾಡ್ಲಿ?" ಎಂದೂ ಅಂದಳು. ಅವನು ನಕ್ಕು ಹೊರಟುಹೋದ. ಆ ನಗು ಎರಡು ತಿಂಗಳು ಅವಳನ್ನು ನಿದ್ದೆಗೆಡಿಸಿತು.

ನೌಕೆ ನದಿ ಹೊಗುವ ಮೊದಲು ವಿಮಾನಗಳು ಅದರಿಂದೆದ್ದು ದಡದ ನಿಲ್ದಾಣಕ್ಕೆ ಹಾರಿಹೋಗುವುದು ವಾಡಿಕೆ. ನಿಂತ ಹಡಗಿನಿಂದ ಅವು ಏಳಲಾರವು. ಅವು ಮಾಡುಗಳ ಮೇಲೆ ಹಾದಾಗ ಊರಿನ ಹೆಂಗಸರು ಹೊರಗೆ ಬಂದು ಎಣಿಸುವುದೂ ವಾಡಿಕೆಯೇ. ಅಂದು ಮಧ್ಯಾಹ್ನ ಗುಡುಗಿನಂಥ ಸದ್ದಾಯಿತು. ಎಫಿ ಕಿಟಕಿಗೆ ಓಡಿದಳು. ಐದು... ಏಳು... ಎಂಟು! ಆಮೇಲೆ ಬರಿಯ ಮೋಡ.

"ಮುರಿದ ವಿಮಾನ ಹಡಗಲ್ಲೇ ಬರತ್ತೆ ಕಣೇ," ಎಂದಳು ಪಕ್ಕದ ಮೇಜಿನ ಹಿರಿಯಳು, ಜೆಸ್ಸಿ ಬೇರ್ಡ್. "ಒಂದು ಕಮ್ಮಿ ಆದ್ರೆ ಸತ್ತೇಹೋದ ಅಂತಲ್ಲ. ದಕ್ಕೆಗೆ ಹೋಗಿ ನೋಡು."

"ಆ ಎಂಟರಲ್ಲೇ ಅವನಿದ್ರೆ?"

"ಇದ್ರೆ ಒಳ್ಳೇದೇ ಆಯ್ತಲ್ಲ! ಇಲ್ಲಿ ನಿಂತು ಉಗುರು ಕಚ್ಬೇಡ, ಹೋಗು. ಸಾಹೇಬ್ರಿಗೆ ನಾನು ಹೇಳ್ತೀನಿ."

ಶಾಯಿ ಮೆತ್ತಿದ ಕೈಯಲ್ಲೇ, ಕೋಟನ್ನೂ ತೊಡದೆ ಅವಳು ದಕ್ಕೆಗೆ ಓಡಿದಳು. ಬೋಳು ನೆತ್ತಿಯ ಹಾರ್ಬಿಂಜರ್ ದೂರದಲ್ಲಿ ಲಂಗರು ಹಾಕಿತು. ದೋಣಿಯೊಂದು ಬಂತು, ಅದರಲ್ಲಿ ಅವನಿಲ್ಲ. ಎರಡನೆಯದು ಬಂತು; ಅದರಲ್ಲೂ ಇಲ್ಲ. ಅಯ್ಯೋ, ಒಲ್ಲೆನೆಂದ ನಾಲಗೆಯೇ, ನಿನಗೆ ಇನ್ನೊಂದು ಮಾತಾಡುವ ಭಾಗ್ಯ ಉಳಿದಿದೆಯೋ ಇಲ್ಲವೋ! ಮೂರನೆಯ ದೋಣಿಯ ಹಿಂತುದಿಯಲ್ಲಿ, ಹಣೆಗೆ ಪಟ್ಟಿ ಕಟ್ಟಿಕೊಂಡು, ಪೆಚ್ಚುಮೋರೆಯಲ್ಲಿ ಲ್ಯಾಕ್ಲನ್ ಕೂತಿದ್ದ.

"ಇಳಿಯುವಾಗ ಚಕ್ರ ಮುರೀತು," ಎಂದ ಅವನು. "ನೀನು ಯಾಕೆ ಇಲ್ಲಿ? ಬೇಡ ಅಂದಿದ್ದೆಯಲ್ಲ."

"ಅಂದಿದ್ದೆ. ತಪ್ಪಾಯ್ತು. ಈಗ ಇನ್ನೊಮ್ಮೆ ಕೇಳು."

ಅವನು ತಲೆತಗ್ಗಿಸಿದ. "ಹೇಗೆ ಕೇಳ್ಲಿ, ಎಫಿ? ಮಂಗಳವಾರ ಮತ್ತೆ ಹೊರಡ್ತೀವಿ. ರಷ್ಯಕ್ಕೇ."

ಅವಳು ಒಂದು ಗಳಿಗೆ ಬೋಳು ಹಡಗನ್ನೇ ನೋಡಿದಳು.

"ಹಾಗಾದ್ರೆ ಸೋಮವಾರವೇ ಮದುವೆ," ಎಂದಳು.

ಪ್ರೀತಿ ಮನಸ್ಸಿಗೆ ನೆಮ್ಮದಿ ತರುತ್ತದೆಂದು ಯಾರು ಹೇಳಿದರೋ... ಅದು ತರುವುದು ಹೊಸ ತಳಮಳವನ್ನು. ಆದರೆ ಯಾರದೋ ಆಗಿದ್ದ ತಳಮಳವನ್ನು ಇದು ನನ್ನದೆಂದು ಎರಡೂ ಕೈಚಾಚಿ ಬರಮಾಡಿಕೊಳ್ಳುವ ಧೈರ್ಯವಿದೆಯಲ್ಲ, ಮನುಷ್ಯಹೃದಯಕ್ಕೆ ಅದಕ್ಕಿಂತ ದೊಡ್ಡ ಐಶ್ವರ್ಯ ಇನ್ನೊಂದಿಲ್ಲ.